ಕೆಂಬರೆ ಗುಡ್ಡದ ನೀಲಿ ಹೂವು

ಬಸವನಗುಡಿಯ ಆ ಮನೆಯ ತಾರಸಿಯಲ್ಲಿ ಕುಂಡಗಳೆಲ್ಲ ಇದ್ದವು. ಗಿಡಗಳು ಮಾತ್ರ ಇರಲಿಲ್ಲ.

ಸಬ್ ಇನ್‌ಸ್ಪೆಕ್ಟರ್ ಹೇಮಶ್ರೀ ಬಗ್ಗಿ ನೋಡಿದಳು. ಒಂದು ಕುಂಡವೂ ಒಡೆದಿಲ್ಲ. ತಾರಸಿ ಬಾಗಿಲಿನ ಬೀಗವೂ ಮುರಿದಿಲ್ಲ. ನಿವೃತ್ತ ಸಸ್ಯಶಾಸ್ತ್ರ ಪ್ರಾಧ್ಯಾಪಕಿ ಚೂಡಾಮಣಿ ನೀರಿನ ಟ್ಯಾಂಕಿಗೆ ಒರಗಿ ನಿಂತಿದ್ದರು.

“ಏನು ಗಿಡ ಮೇಡಂ?”

“ನೀಲಿ ಕಲ್ಹೂವು ಅಂತೀವಮ್ಮ. ಹೊನ್ನರೆ ಗುಡ್ಡ ಬಿಟ್ರೆ ಭೂಮಿ ಮೇಲೆ ಇನ್ನೆಲ್ಲೂ ಇಲ್ಲ. ಅಲ್ಲೂ ಬೆರಳೆಣಿಕೆಯಷ್ಟು. ಬೀಜ ತಂದು ಇಲ್ಲಿ ಬೆಳೆಸೋಕೆ ವರ್ಷಗಟ್ಟಲೆ ಹಿಡೀತು. ಈ ಮಳೆಗಾಲದಲ್ಲಿ ವಾಪಸ್ ಗುಡ್ಡದಲ್ಲಿ ನೆಡಬೇಕಿತ್ತು.”

“ಯಾರ ಮೇಲಾದ್ರೂ ಅನುಮಾನ?”

ಅವರು ಕೆಳಗಿನ ಮನೆಯತ್ತ ಕಣ್ಣು ಹಾಯಿಸಿದರು. ಅಲ್ಲಿ ಬಾಡಿಗೆಗಿದ್ದ ನಿತೀಶ್, ತಾರಸಿಯ ನೀರು ಸೋರುತ್ತದೆಂದು ಮೊನ್ನೆಯಷ್ಟೇ ಕೂಗಾಡಿದ್ದ.

* * *

“ಜಗಳ ಆಡಿದ್ದು ನಿಜ,” ಎಂದ ನಿತೀಶ್. “ಕುಂಡ ಎತ್ತಿ ಬಿಸಾಕ್ತೀನಿ ಅಂತಾನೂ ಅಂದಿದ್ದೆ. ಆದ್ರೆ ಮುಟ್ಟಿಲ್ಲ ಮೇಡಂ.”

ಹೇಮಶ್ರೀ ನಂಬಿದಳು. ಸಿಟ್ಟಿಗೆದ್ದವನು ಕುಂಡ ಒಡೆಯುತ್ತಿದ್ದ. ಮಾರುವ ಕಳ್ಳ ಕುಂಡದ ಸಮೇತ ಹೊರುತ್ತಿದ್ದ. ಇಲ್ಲಿ ಯಾರೋ ಸಾವಧಾನವಾಗಿ ಕೂತು, ಮಣ್ಣು ಸಡಿಲಿಸಿ, ಒಂದೊಂದನ್ನೇ ಎಬ್ಬಿಸಿಕೊಂಡು ಹೋಗಿದ್ದರು. ಕದ್ದವರಿಗೆ ಗಿಡ ಬದುಕಬೇಕಿತ್ತು. ಯಾಕೆ?

* * *

ವಾರ ಕಳೆಯಿತು. ಹೇಮಶ್ರೀ ಮತ್ತೆ ಚೂಡಾಮಣಿಯವರ ಮನೆಯಲ್ಲಿದ್ದಾಗ ಅವರ ಶಿಷ್ಯ ಗೌರೀಶ್ ಬಂದ. ಅವರ ಕೈಕೆಳಗೇ ಸಂಶೋಧನೆ ಮುಗಿಸಿದವನು. ಅವರು ಊರಲ್ಲಿಲ್ಲದಾಗ ತಾರಸಿಯ ಗಿಡಗಳಿಗೆ ನೀರುಣಿಸುತ್ತಿದ್ದವನೂ ಅವನೇ.

“ಕೆಂಬರೆ ಗುಡ್ಡದಲ್ಲೂ ಕಲ್ಹೂವು ಇದೆ ಮೇಡಂ. ಎರಡು ಮಳೆಗಾಲದಿಂದ ನೋಡ್ತಿದೀನಿ. ಖಾತ್ರಿ ಆಗ್ಲಿ ಅಂತ ಹೇಳಿರ್ಲಿಲ್ಲ.”

ಚೂಡಾಮಣಿಯವರ ಕಣ್ಣು ತುಂಬಿಬಂತು.

“ಇನ್ನೊಂದು ಕಡೆ ಸಿಕ್ಕಿದ್ರೆ ಏನಾಗುತ್ತೆ ಮೇಡಂ?” ಹೇಮಶ್ರೀ ಕೇಳಿದಳು.

“ಈಗ ಅದು ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿದೆ. ಇರೋದು ಒಂದೇ ನೆಲೆ ಅಂತ. ಹೊನ್ನರೆಯಲ್ಲಿ ಕಲ್ಲು ಕ್ವಾರಿಗೆ ಅನುಮತಿ ಸಿಗದೆ ಇರೋದೂ ಅದಕ್ಕೇ. ಇನ್ನೊಂದು ನೆಲೆ ಸಿಕ್ಕಿದ್ರೆ ದರ್ಜೆ ಇಳಿಸಬಹುದು. ಆಗ ಕ್ವಾರಿಯವರು...”

“ನಾಳೆ ಆ ಗುಡ್ಡ ನೋಡೋಣ,” ಎಂದಳು ಹೇಮಶ್ರೀ.

* * *

ಮರುದಿನ ಮೂವರೂ ಕೆಂಬರೆ ಗುಡ್ಡ ಹತ್ತಿದರು. ಬಂಡೆಯ ಸಂದಿಗಳಲ್ಲಿ ನೀಲಿ ಹೂಗಳು ಬಾಡತೊಡಗಿದ್ದವು. ಹೇಮಶ್ರೀ ಹೇಳಿದಂತೆ ಚೂಡಾಮಣಿ ಒಂದು ಗಿಡದ ಬುಡ ಬಿಡಿಸಿದರು. ಬೇರಿಗೆ ಕಂದು ಪುಡಿ ಮೆತ್ತಿಕೊಂಡಿತ್ತು.

“ತೆಂಗಿನ ನಾರಿನ ಪುಡಿ,” ಎಂದರು ಮೆಲ್ಲಗೆ. “ನನ್ನ ಕುಂಡದ್ದು.”

“ಕದ್ದವರು ತಂದು ಇಲ್ಲಿ ನೆಟ್ಟಿರಬಹುದು,” ಎಂದ ಗೌರೀಶ್.

“ನೆಟ್ಟಿದಾರೆ. ಆದ್ರೆ ನೀವು ಇವನ್ನ ಎರಡು ಮಳೆಗಾಲದಿಂದ ನೋಡ್ತಿದೀರಲ್ಲ?” ಹೇಮಶ್ರೀಯ ದನಿ ಏರಲಿಲ್ಲ. “ಮೊನ್ನೆ ಮೊನ್ನೆವರೆಗೆ ಇವು ಬಸವನಗುಡಿಯಲ್ಲಿದ್ವು. ಬೀಗ ಮುರಿದಿಲ್ಲ. ಇನ್ನೊಂದು ಕೀ ಇರೋದು ನಿಮ್ಮ ಹತ್ರ. ಕ್ವಾರಿಯವರು ಏನು ಕೊಡ್ತೀವಿ ಅಂದ್ರು?”

ಗೌರೀಶ್ ಬಂಡೆಯ ಮೇಲೆ ಕುಸಿದು ಕುಳಿತ.

“ಸಂಶೋಧನಾ ಕೇಂದ್ರ ಕಟ್ಟಿಸ್ತೀವಿ, ನೀವೇ ಮುಖ್ಯಸ್ಥರು ಅಂದ್ರು. ಗಿಡ ಸಾಯಬಾರ್ದು ಅಂತ ಜೋಪಾನವಾಗಿ ತಂದೆ ಮೇಡಂ.”

“ಗೊತ್ತಾಗುತ್ತೆ,” ಎಂದರು ಚೂಡಾಮಣಿ. “ಒಂದು ಬೇರೂ ಹರಿದಿಲ್ಲ. ಹಾಗೆ ಎಬ್ಬಿಸೋದನ್ನ ಕಲಿಸಿದ್ದು ನಾನೇ ಅಲ್ವಾ.”

ಆಮೇಲೆ ಅವನತ್ತ ನೋಡಲಿಲ್ಲ. ಸೆರಗಿನ ತುದಿ ಹರಿದು, ಹೇಮಶ್ರೀಯ ಬಾಟಲಿ ನೀರಿನಲ್ಲಿ ನೆನೆಸಿ, ಗಿಡದ ಬೇರಿಗೆ ಸುತ್ತತೊಡಗಿದರು.