ಪೀಪಿ ಕೊಟ್ಟ ಸ್ವರ

ತಾಲೀಮಿನಲ್ಲಿ ಆರ್ಕೆಸ್ಟ್ರಾ ಸೇರಿಕೊಂಡ ಕೂಡಲೇ ಹಾಡು ಕೆಟ್ಟುಹೋಯಿತು.

ಇಪ್ಪತ್ತಾರು ಮಕ್ಕಳ ದನಿ ಒಂದು ದಾರಿ ಹಿಡಿದರೆ, ನಲವತ್ತು ವಾದ್ಯಗಳು ಇನ್ನೊಂದು ದಾರಿ. ಕೇಳುವವರ ಹಲ್ಲು ಜುಮ್ಮೆನ್ನಬೇಕು, ಹಾಗೆ ಎರಡೂ ಉಜ್ಜಿಕೊಂಡವು. ವಿದೇಶಿ ಆರ್ಕೆಸ್ಟ್ರಾದ ನಿರ್ದೇಶಕರು ಕೈಯಲ್ಲಿದ್ದ ಕೋಲು ಕೆಳಗಿಟ್ಟು ತಮ್ಮ ಭಾಷೆಯಲ್ಲಿ ಏನೋ ಅಂದರು. ಯಾವ ಮಗುವಿಗೂ ಅದು ಅರ್ಥವಾಗಲಿಲ್ಲ. ಆದರೆ ಎಲ್ಲರೂ ತಿರುಗಿ ಪೀಪಿಯನ್ನೇ ನೋಡಿದರು.



ಕಾಯರ್‌ನಲ್ಲಿ ಎಲ್ಲರಿಗಿಂತ ಚಿಕ್ಕವಳು ಅವಳು. ಮೊದಲ ಹಾಡನ್ನು ಮಕ್ಕಳು ಹಾಲ್‌ನ ಹಿಂಬಾಗಿಲಿನಿಂದ ಹಾಡುತ್ತಾ ನಡೆದು ಬರಬೇಕು. ಆಗ ವಾದ್ಯ ಇರುವುದಿಲ್ಲ. ಎರಡನೇ ಚರಣಕ್ಕೆ ಆರ್ಕೆಸ್ಟ್ರಾ ಕೂಡಿಕೊಳ್ಳುತ್ತದೆ. ಬಾಗಿಲಾಚೆ ನಿಂತು ಮೊದಲ ಸ್ವರವನ್ನು ಮೆಲ್ಲಗೆ ಗುನುಗಿ ಕೊಡುವುದು ಪೀಪಿಯ ಕೆಲಸ. ಮೂರು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಅದೇ ಸ್ವರ. ಅದಕ್ಕೇ ಪೀಪಿ ಎಂಬ ಆ ಅಡ್ಡಹೆಸರು.

"ಪೀಪಿ ಕೆಟ್ಟೋಯ್ತು," ಎಂದ ಹಿಂದಿನ ಸಾಲಿನ ಗುಂಡ. "ವಿಮಾನದಲ್ಲಿ ಕಿವಿ ಕಟ್ಕೊಂಡಿರ್ಬೇಕು."

"ನಿನ್ನ ಬಾಯಿ ಕಟ್ಕೊಂಡಿದ್ರೆ ಚೆನ್ನಾಗಿತ್ತು," ಎಂದಳು ಪೀಪಿಯ ಅಕ್ಕ.

ಇನ್ನೆರಡು ಸಲ ಹಾಡಿ ನೋಡಿದರು. ಎರಡು ಸಲವೂ ಅದೇ ಕತೆ. ಹಾಡು ಕಲಿಸುವ ಮಿಸ್ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

"ಸಂಜೆ ಕಾರ್ಯಕ್ರಮದಲ್ಲಿ ನಾನು ಫೋನಲ್ಲಿ ಸ್ವರ ಹಾಕ್ತೀನಿ ಪುಟ್ಟಾ. ನೀನು ಎಲ್ಲರ ಜೊತೆ ಸಾಲಲ್ಲಿ ನಿಂತ್ಕೋ," ಎಂದರು.

ಬಿಡುವಿನಲ್ಲಿ ಪೀಪಿ ಓಣಿಯಂಥ ಉದ್ದನೆಯ ಕಾರಿಡಾರಿನಲ್ಲಿ, ವಾದ್ಯಗಳ ಖಾಲಿ ಪೆಟ್ಟಿಗೆಗಳ ನಡುವೆ ಕೂತಳು. ಅಕ್ಕ ಬಂದು ಪಕ್ಕದಲ್ಲಿ ಕೂತಳು.

ಆಗ ಬಿಳಿ ಹುಬ್ಬಿನ ತಾತ ಒಬ್ಬರು ಬಂದರು. ಅವರ ಕೈಯಲ್ಲಿ ಕಪ್ಪು ಕೊಳವೆಯಂಥ ವಾದ್ಯ, ಓಬೋ. ಅವರು ಒಂದು ಸ್ವರ ಊದಿದರೆ ಆರ್ಕೆಸ್ಟ್ರಾದವರೆಲ್ಲ ತಮ್ಮ ವಾದ್ಯವನ್ನು ಅದಕ್ಕೆ ಹೊಂದಿಸಿಕೊಳ್ಳುತ್ತಿದ್ದರು. ಬೆಳಗ್ಗೆ ಪೀಪಿ ಅದನ್ನು ನೋಡಿದ್ದಳು.

ತಾತ ಮೊಣಕಾಲ ಮೇಲೆ ಪುಟ್ಟ ಡಬ್ಬಿ ಇಟ್ಟುಕೊಂಡರು. ಅದರೊಳಗೆ ಸ್ವರ ಅಳೆಯುವ ಒಂದು ಮುಳ್ಳು. ಅವರು ಹಾಡಿನ ಮೊದಲ ಸ್ವರ ಊದಿದರು. ಮುಳ್ಳು ನೆಟ್ಟಗೆ ನಿಂತಿತು. ಆಮೇಲೆ ಪೀಪಿಯ ಕಡೆ ಬೆರಳು ತೋರಿಸಿದರು.

"ಹಾಡೇ," ಎಂದು ಅಕ್ಕ ತಿವಿದಳು.

ಪೀಪಿ ತನ್ನ ಸ್ವರ ಗುನುಗಿದಳು. ಮುಳ್ಳು ಎಡಕ್ಕೆ ವಾಲಿತು. ತಾತ ಅವಳಿಗೆ ನೀರು ಕುಡಿಸಿ ಮತ್ತೆ ಹಾಡಿಸಿದರು. ಅದೇ ಜಾಗ. ಮತ್ತೊಮ್ಮೆ. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ತಾತ ತೊಡೆ ತಟ್ಟಿ ನಕ್ಕು, ಮಿಸ್‌ರನ್ನು ಕೈಬೀಸಿ ಕರೆದರು.

ಮಿಸ್ ಮುಳ್ಳನ್ನೇ ನೋಡುತ್ತಾ ನಿಂತರು.

"ಊರಲ್ಲಿರೋ ನಮ್ಮ ಹಾಲ್‌ನ ಪಿಯಾನೊ," ಎಂದರು ಕೊನೆಗೆ. "ಎಷ್ಟೋ ವರ್ಷದಿಂದ ಅದಕ್ಕೆ ಶ್ರುತಿ ಮಾಡಿಸಿಲ್ಲ. ಅದು ಇಳೀತಾ ಹೋಗಿದೆ. ನಾವೂ ಅದರ ಜೊತೆ ಇಳ್ಕೊಂಡು ಬಂದಿದ್ದೀವಿ."

"ಹಂಗಾದ್ರೆ ನಂದು ತಪ್ಪಿಲ್ವಾ ಮಿಸ್?"

"ತಪ್ಪಿಲ್ಲ. ಆದ್ರೆ ಸರಿನೂ ಇಲ್ಲ."

ಪೀಪಿ ಎದ್ದು ನಿಂತಳು. "ಸಂಜೆ ನಾನೇ ಕೊಡ್ಲಾ?"

"ಮೂರು ವರ್ಷದ ರೂಢಿ ಮೂರು ಗಂಟೇಲಿ ಬಿಡೋಕಾಗುತ್ತಾ?"

"ಗೊತ್ತಿಲ್ಲ ಮಿಸ್."

ಆ ಉತ್ತರಕ್ಕೆ ಮಿಸ್ ತಲೆಯಾಡಿಸಿದರು. "ಸರಿ. ಫೋನ್ ನನ್ನ ಕೈಯಲ್ಲೇ ಇರುತ್ತೆ."

ಸಂಜೆ ಹಿಂಬಾಗಿಲ ಆಚೆ ಕತ್ತಲು. ತಾತ ಊದಿದ ಸ್ವರ ಬಾಗಿಲ ಸಂದಿಯಿಂದ ಬಂತು. ಪೀಪಿ ಅದರಿಂದ ಏಣಿ ಹತ್ತಿದಂತೆ ಹಾಡಿನ ಮೊದಲ ಸ್ವರಕ್ಕೆ ಹೋಗಿ, ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಷ್ಟರಲ್ಲಿ ಒಳಗೆ ಯಾರೋ ಭಾಷಣ ಶುರುಮಾಡಿದರು. ಭಾಷಣ ಮುಗಿಯಲೇ ಇಲ್ಲ.

ದೂರ ಬಿಟ್ಟು ಬಂದ ಬೆಕ್ಕು ಮನೆಗೇ ವಾಪಸ್ಸಾಗುವ ಹಾಗೆ ಹಳೆಯ ಸ್ವರ ಮೆಲ್ಲಗೆ ಹತ್ತಿರ ಬಂತು. ಈಗ ಗಂಟಲಲ್ಲಿರುವುದು ಯಾವುದು, ಅದೋ ಇದೋ? ಪೀಪಿಗೆ ತಿಳಿಯಲಿಲ್ಲ. ಪಕ್ಕದಲ್ಲಿ ಮಿಸ್‌ರ ಫೋನ್ ಬೆಳಗಿತು.

ಹಳೆಯದು ಎದೆಯಲ್ಲಿ ಗುಂಯ್‌ಗುಡುತ್ತಿತ್ತು. ಹೊಸದು ಮಧ್ಯಾಹ್ನವೆಲ್ಲ ಅಭ್ಯಾಸ ಮಾಡುವಾಗ ಮೂಗಿನ ಮೇಲ್ಗಡೆ ಕಚಗುಳಿಯಿಟ್ಟಿತ್ತು. ಅದು ನೆನಪಾಗಿ ಪೀಪಿ ಮೂಗಿನ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿದಳು.

ಒಳಗೆ ಚಪ್ಪಾಳೆ. ಪೀಪಿ ಗುನುಗಿದಳು. ಬೆರಳ ಕೆಳಗೆ ಮೂಗು ಸಣ್ಣಗೆ ಅದುರಿತು.

ಇಪ್ಪತ್ತೈದು ಮಕ್ಕಳು ಅದನ್ನು ತೆಗೆದುಕೊಂಡರು. ಬಾಗಿಲು ತೆರೆಯಿತು. ಮಿಸ್‌ರ ಫೋನ್ ಆರಿತು.

ಎರಡನೇ ಚರಣಕ್ಕೆ ಆರ್ಕೆಸ್ಟ್ರಾ ಬಂದದ್ದೇ ತಿಳಿಯಲಿಲ್ಲ. ಮಲಗಿದವರಿಗೆ ಅಮ್ಮ ಹೊದಿಕೆ ಹೊದಿಸಿದ ಹಾಗೆ, ಅಷ್ಟು ಮೆತ್ತಗೆ ಬಂತು.

ಹಾಡು ಮುಗಿಯಿತು. "ಪೀಪಿ ರಿಪೇರಿ ಆಯ್ತು," ಎಂದು ಗುಂಡ ಪಿಸುಗುಟ್ಟಿದ. ವಾದ್ಯದವರು ಮತ್ತೆ ಶ್ರುತಿ ನೋಡಿಕೊಳ್ಳಲು ತಾತನ ಕಡೆ ತಿರುಗಿದರು. ತಾತ ಓಬೋ ಎತ್ತಿದರು. ಊದುವ ಮೊದಲು ಅವರ ಕಣ್ಣು ಒಂದು ಕ್ಷಣ ಕೆಳಗೆ ಇಳಿಯಿತು. ಅಲ್ಲಿ ಆ ಪುಟ್ಟ ಡಬ್ಬಿ ಇತ್ತು.

ಹುಬ್ಬು ಬೆಳ್ಳಗಾಗುವಷ್ಟು ವರ್ಷ ಊದಿದ್ದರು. ಆದರೂ ಮುಳ್ಳನ್ನು ನೋಡಿದರು.

ಸ್ವರ ಬಂತು. ಪೀಪಿ ಬಾಯಿ ಮುಚ್ಚಿಕೊಂಡು, ಮೊದಲ ಸಲ ಕೇಳುವವಳಂತೆ, ಅದನ್ನು ಕೇಳಿಸಿಕೊಂಡಳು.