ಗುರುವಾರದ ಫೈಲು

ದಿನಾಂಕ 25 ನವೆಂಬರ್ 2025, ಮಂಗಳವಾರ, ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ಸಂಭಾಜಿ ಎಂಬವರು ಚಿಕ್ಕೋಡಿ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ವಯಸ್ಸು ನಲವತ್ಮೂರು, ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಹೆಂಡತಿ ಸುಗಂಧಾ ತೀರಿಕೊಂಡು ಐದು ದಿನವಾಗಿತ್ತು. ಯಡೂರಿನ ಹೊಳೆದಂಡೆಯಲ್ಲಿ ದಹನ ಮುಗಿಸಿ, ಮೂರನೇ ದಿನದ ಕಾರ್ಯವನ್ನೂ ಮುಗಿಸಿ ಆಸ್ಪತ್ರೆಗೆ ಹೋಗಿ ಕೇಳಿದಾಗ ಅಲ್ಲಿಯವರು ಒಂದು ಕಾಗದ ಪ್ರಿಂಟ್ ಮಾಡಿ ಕೈಗಿಟ್ಟಿದ್ದರು. ಅದನ್ನೇ ಮಡಚಿ ತಂದಿದ್ದರು.

ಕಾಗದದಲ್ಲಿದ್ದದ್ದು ಇಷ್ಟು. ಸುಗಂಧಾ ಕಿಡ್ನಿ ತೊಂದರೆಯಿಂದ ಪಟ್ಟಣದ ಒಂದು ಖಾಸಗಿ ಆಸ್ಪತ್ರೆಯಲ್ಲಿ ದಾಖಲಾಗಿದ್ದರು. 20ರ ಗುರುವಾರ ಮಧ್ಯಾಹ್ನ 1.30ಕ್ಕೆ ರಕ್ತ ತೆಗೆದರು. ರಕ್ತದಲ್ಲಿ ಪೊಟ್ಯಾಸಿಯಂ ಹೃದಯ ನಿಲ್ಲಿಸುವಷ್ಟು ಏರಿದೆ ಎಂಬ ರಿಪೋರ್ಟು ಲ್ಯಾಬಿನ ಮಷೀನಿನಲ್ಲಿ 2.10ಕ್ಕೇ ತಯಾರಾಗಿತ್ತು. ವಾರ್ಡಿನ ನರ್ಸು ನೀಲಮ ಅದನ್ನು ಕಂಪ್ಯೂಟರಿನಲ್ಲಿ ತೆರೆದದ್ದು 3.05ಕ್ಕೆ. ಸಾವು 3.40ಕ್ಕೆ.

“ಐವತ್ತೈದು ಮಿನಿಟ ಆಕಿ ಏನ್ ಮಾಡಾಕತ್ತಿದ್ಲು, ಅಷ್ಟು ಕೇಳಿ ಹೇಳ್ರಿ ಸಾಹೇಬ್ರ. ಬ್ಯಾರೆ ಏನೂ ಬ್ಯಾಡ ನನಗ,” ಎಂದರು ಸಂಭಾಜಿ.

ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆ ಕಲಂ 106(1), ನಿರ್ಲಕ್ಷ್ಯದಿಂದ ಸಾವು. ಆರೋಪಿಯ ಕಾಲಮ್ಮಿನಲ್ಲಿ ಒಂದೇ ಹೆಸರು. ಕಾಗದದ ಮಟ್ಟಿಗೆ ಕೇಸು ಅಲ್ಲಿಗೇ ಮುಗಿದಿತ್ತು. ಆದರೆ ಇನ್‌ಸ್ಪೆಕ್ಟರ್ ಮುರಗೆಪ್ಪ ಅವರಿಗೆ ಇಷ್ಟು ಸಲೀಸಾಗಿ ತಟ್ಟೆಯಲ್ಲಿಟ್ಟು ಕೊಟ್ಟ ಆರೋಪಿಯನ್ನು ಕಂಡರೆ ಆಗುತ್ತಿರಲಿಲ್ಲ. ಇಪ್ಪತ್ತಾರು ವರ್ಷದ ನೌಕರಿ ಅವರಿಗೆ ಬೇರೇನು ಕಲಿಸಿತ್ತೋ ಇಲ್ಲವೋ, ಅದನ್ನಂತೂ ಕಲಿಸಿತ್ತು.

ಮಧ್ಯಾಹ್ನ 12.30ಕ್ಕೆ ನೀಲಮಳ ವಿಚಾರಣೆ ನಡೆಯಿತು. ವಯಸ್ಸು ಇಪ್ಪತ್ತೇಳು, ರಾಯಬಾಗದ ಕಡೆಯವಳು. ತಂದೆ ತಾಯಿ ಕಬ್ಬು ಕಡಿಯುವ ಕೂಲಿಯವರು. ಆ ಮನೆಯಲ್ಲಿ ತಿಂಗಳ ಪಗಾರ ಕಂಡವಳು ಇವಳೇ ಮೊದಲು. ಆಸ್ಪತ್ರೆ ಆಗಲೇ ಅವಳನ್ನು ಕೆಲಸದಿಂದ ಅಮಾನತು ಮಾಡಿತ್ತು. ಆರೋಪ ನಿಂತರೆ ನರ್ಸಿಂಗ್ ನೋಂದಣಿಯೇ ಹೋಗುತ್ತದೆ. ಆಮೇಲೆ ಯಾವ ಆಸ್ಪತ್ರೆಯೂ ಅವಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

“ರಿಪೋರ್ಟ್ ಎಷ್ಟಕ್ಕ ನೋಡಿದಿ?”

“ಮೂರೂ ಐದಕ್ರಿ. ನೋಡಿದ ಕೂಡ್ಲೆ ಡಾಕ್ಟರ್‌ನ ಕರದೆ.”

“ತಡ ಯಾಕ ಆತು?”

“ಕಂಪ್ಯೂಟರ್ ಒಳಗ ಬಿಡ್ಲಿಲ್ರಿ. ಪಾಸ್‌ವರ್ಡ್ ಹಾಕಿದ್ರ ಸುಮ್ನ ಗುಂಡಗ ತಿರಗತಿತ್ತು.”

“ಲ್ಯಾಬಿಗೆ ಫೋನ್ ಹಚ್ಚಬೇಕಿತ್ತು.”

“ಇಂಟರ್‌ಕಾಮ್ ಸತ್ತಿತ್ರಿ. ಆಯಾ ಲಕ್ಷ್ಮಿಬಾಯಿನ್ನ ಕಳಿಸಿದೆ. ಲ್ಯಾಬಿನವರು ಮಷೀನಿಗೆ ರಕ್ತ ಹಾಕಿ ಊಟಕ್ಕ ಹೋಗಿದ್ರು, ಬಾಗಲಾ ಹಾಕಿತ್ತು. ಕಂಪ್ಯೂಟರ್ ನೋಡ್ಕೊಳ್ಳೋ ಪಾರಿಸ ಸರ್‌ಗೆ ನನ್ನ ಮೊಬೈಲ್‌ಲೆ ಹಚ್ಚಿದೆ. ಎತ್ಲಿಲ್ಲ. ಅಮಾಸಿ ಅಲ್ರಿ, ದೇವರಿಗೆ ಹೋಗ್ಯಾರ ಅನ್ಕೊಂಡೆ.”

“ಪೇಶಂಟ್ ಹೆಂಗಿದ್ರು ಆವಾಗ?”

“ಮಾತಾಡಾಕತ್ತಿದ್ರು. ನೀರು ಕೇಳಿದ್ರು, ಕೊಟ್ಟೆ.” ಅಲ್ಲಿಯವರೆಗೆ ನೆಟ್ಟಗಿದ್ದ ಅವಳ ದನಿ ಆಗ ಒಡೆಯಿತು.

ಲಕ್ಷ್ಮಿಬಾಯಿಯೂ ಅದನ್ನೇ ಹೇಳಿದಳು. ಆದರೆ ಆಸ್ಪತ್ರೆಯ ಆಡಳಿತಾಧಿಕಾರಿ ನಕ್ಕುಬಿಟ್ಟರು. “ಒಂದ ವಾರ್ಡಿನ್ಯಾಗ ಕೂಡಿ ಉಣ್ಣವ್ರು. ಒಬ್ಬರ ಪರ ಒಬ್ಬರು ಹೇಳದ ಇರ್ತಾರೇನ್ರಿ?” ಎಂದರು.

ಪಾರಿಸ ಕಾಗವಾಡದ ಕಡೆಯವನು. ಮೂವತ್ತಾರು ವರ್ಷ, ಆಸ್ಪತ್ರೆಯ ಸರ್ವರ್ ನೋಡಿಕೊಳ್ಳುವ ಅಡ್ಮಿನಿಸ್ಟ್ರೇಟರ್ ಆಗಿ ಹನ್ನೊಂದು ವರ್ಷ. ಮೆತ್ತಗೆ ಮಾತಾಡುವ, ಕೇಳಿದ್ದಕ್ಕಿಂತ ಒಂದು ಶಬ್ದವನ್ನೂ ಹೆಚ್ಚು ಹೇಳದ ಮನುಷ್ಯ. ಸುಗಂಧಾ ಇದ್ದ ವಾರ್ಡು ಮೊದಲನೇ ಮಹಡಿಯಲ್ಲಿ. ಇವನ ಸರ್ವರ್ ಕೋಣೆ ಅದರ ಮೆಟ್ಟಿಲಿನ ಬುಡದಲ್ಲಿ.

“ಗುರುವಾರ ಸರ್ವರ್ ಬಂದ್ ಬಿದ್ದಿತ್ತೇನು?”

“ಇಲ್ರಿ ಸರ.”

“ಆಕಿ ಫೋನ್ ಮಾಡಿದ್ಲಂತ.”

“ಫೋನ್ ಸೈಲೆಂಟಿಗಿತ್ರಿ. ನೋಡಲಿಲ್ಲ.”

ಇನ್‌ಸ್ಪೆಕ್ಟರ್ ಜೊತೆಗೆ ಮಹಿಳಾ ಕಾನ್‌ಸ್ಟೆಬಲ್ ಸ್ನೇಹಲ ಇದ್ದಳು. ನಿಪ್ಪಾಣಿಯವಳು, ಕಂಪ್ಯೂಟರ್ ಪದವಿ ಓದಿ ಇಲಾಖೆಗೆ ಸೇರಿದವಳು. ಠಾಣೆಯಲ್ಲಿ ಪ್ರಿಂಟರು ಕೆಟ್ಟಾಗ ಮಾತ್ರ ಎಲ್ಲರಿಗೂ ಅವಳ ಪದವಿ ನೆನಪಾಗುತ್ತಿತ್ತು. ಅವಳು ಲ್ಯಾಬ್ ತಂತ್ರಾಂಶದ ಆ ದಿನದ ನಮೂದುಗಳನ್ನು ಪ್ರಿಂಟ್ ಕೇಳಿ ಪಡೆದು, ಬೆರಳಿಟ್ಟು ಓದುತ್ತ ಒಂದು ಕಡೆ ನಿಂತಳು. 1.59ಕ್ಕೆ ಒಂದು ನಮೂದು. ಅದರ ಮುಂದಿನದು 3.03ಕ್ಕೆ. ನಡುವೆ ಏನೂ ಇಲ್ಲ.

“ಇಡೀ ದವಾಖಾನಿ ಒಂದ್ ತಾಸು ಯಾವ ಕೆಲಸಾನೂ ಮಾಡಿಲ್ಲೇನ್ರಿ?” ಎಂದಳು.

“ಅಮಾಸಿ ಮೇಡಂ. ಪೇಶಂಟ್ ಇರೂದಿಲ್ಲ,” ಎಂದ ಪಾರಿಸ.

ಮುರಗೆಪ್ಪ ತಲೆಯಾಡಿಸಿದರು. ಈ ಭಾಗದಲ್ಲಿ ಅಮಾವಾಸ್ಯೆಗೆ ಯಾರೂ ಆಪರೇಶನ್ ಮಾಡಿಸಿಕೊಳ್ಳುವುದಿಲ್ಲ, ಆಸ್ಪತ್ರೆಯಿಂದ ಮನೆಗೂ ಹೋಗುವುದಿಲ್ಲ. ಅರ್ಧ ಜನ ಯಡೂರಿಗೋ ಮಂಗಸೂಳಿಗೋ ದೇವರಿಗೆ ಹೋಗಿರುತ್ತಾರೆ. ಸ್ವತಃ ಇನ್‌ಸ್ಪೆಕ್ಟರ್ ಹಲ್ಲು ನೋವಿದ್ದರೂ ಅಮಾವಾಸ್ಯೆ ದಾಟಿಸಿ ಡಾಕ್ಟರ ಹತ್ತಿರ ಹೋದವರು. ಮಾತು ಸರಿಯಾಗಿಯೇ ಇತ್ತು.

ಸ್ನೇಹಲಳಿಗೆ ಮಾತ್ರ ಸಮಾಧಾನವಾಗಲಿಲ್ಲ. ಹಿಂದಿನ ತಿಂಗಳುಗಳ ಪ್ರಿಂಟನ್ನೂ ಕೇಳಿ ತಂದು ಸಂಜೆ ಠಾಣೆಯಲ್ಲಿ ಹರಡಿಕೊಂಡಳು. ಪಕ್ಕದಲ್ಲಿ ಗೋಡೆಯ ಕ್ಯಾಲೆಂಡರ್. ಅಕ್ಟೋಬರ್ 21, ದೀಪಾವಳಿ ಅಮಾವಾಸ್ಯೆ. ಸೆಪ್ಟೆಂಬರ್ 21. ಆಗಸ್ಟ್ 23. ಅರ್ಧ ತಾಸು ಬಿಟ್ಟು ಇನ್‌ಸ್ಪೆಕ್ಟರ್ ಮುಂದೆ ಕಾಗದಗಳನ್ನಿಟ್ಟಳು.

“ಸರ್, ಅಮಾಸಿ ಕರೆಕ್ಟ್ ಎರಡಕ್ಕ ಸುರುವಾಗಿ ಎರಡೂ ಹನ್ನೆರಡಕ್ಕ ಮುಗೀತೈತೇನ್ರಿ?”

“ಅಂದ್ರ?”

“ಪ್ರತಿ ಅಮಾಸಿ ಎರಡಕ್ಕ ಕೆಲಸ ನಿಂತೈತಿ. ಹನ್ನೆರಡು ಮಿನಿಟ ಆದ ಮ್ಯಾಲೆ ಮತ್ತ ಚಾಲೂ. ಬ್ಯಾರೆ ದಿನ ಒಮ್ಮೆನೂ ಹಂಗಾಗಿಲ್ಲ. ಈ ಸಲ ಅಷ್ಟ ಒಂದ್ ತಾಸು. ಅವರು ಸರ್ವರಿಗೆ ಅಪ್‌ಡೇಟ್ ಹಾಕಿ ರೀಸ್ಟಾರ್ಟ್ ಮಾಡಾಕ ಅಮಾಸಿ ಹಿಡದಾರ್ರಿ. ಮಂದಿ ಕಡಿಮಿ ಇರ್ತಾರಂತ.”

“ಒಂದ್ ಮಷೀನ ಚಾಲೂ ಬಂದ್ ಮಾಡಿದ್ರ ಇಂಟರ್‌ಕಾಮ್ ಯಾಕ ಸಾಯ್ತೈತಿ?”

ಸ್ನೇಹಲ ಬಾಗಿಲಾಚೆ ಕುಳಿತಿದ್ದ ಹೆಡ್ ಕಾನ್‌ಸ್ಟೆಬಲ್ ಸತ್ತೆಪ್ಪನ ಕಡೆ ನೋಡಿದಳು. “ಸರ್ವರಿಗೆ ರೋಲ್ ಅಂತ ಇರ್ತಾವ್ರಿ. ರೋಲ್ ಅಂದ್ರ ಹುದ್ದೆ. ಯಾರನ್ನ ಒಳಗ ಬಿಡಬೇಕು ಅಂತ ನೋಡೂದು ಒಂದು. ಪ್ರತಿ ಕಂಪ್ಯೂಟರಿಗೆ ನಂಬರ್ ಹಂಚೂದು ಒಂದು, ಅದಕ್ಕ ಡಿಎಚ್‌ಸಿಪಿ ಅಂತಾರ. ಫೈಲ್ ಕಾಯೂದು, ಪ್ರಿಂಟ್ ಕಳಿಸೂದು ಬ್ಯಾರೆ ಬ್ಯಾರೆ. ಫೀಚರ್ ಅಂದ್ರ ಆ ಹುದ್ದೆಯವಗ ಕೊಟ್ಟ ಲಾಠಿ, ಟಾರ್ಚ್ ಇದ್ದಂಗ. ದೊಡ್ಡ ಕಡೆ ಎರಡು ಮೂರು ಸರ್ವರಿಗೆ ಹಂಚಿರ್ತಾರ. ಇಲ್ಲಿ ಎಲ್ಲಾ ಒಂದರ ಮ್ಯಾಲ ಹೇರ್ಯಾರ, ಇಂಟರ್‌ಕಾಮ್ ಸೈತ. ನಮ್ಮ ಸತ್ತೆಪ್ಪಣ್ಣ ಒಬ್ಬನ ಪಹರೆ ಕಾದು, ರೈಟರ್ ಆಗಿ, ಜೀಪ್ ಹೊಡದು, ವೈರ್‌ಲೆಸ್ಸೂ ಹಿಡದ್ರ?”

“ಆಂವ ಊಟಕ್ಕ ಹೋದ್ರ ಠಾಣೆ ಬಂದ್,” ಎಂದರು ಮುರಗೆಪ್ಪ. ಅರ್ಥವಾದ ಮೇಲೆ ಅವರ ಮುಖ ಬಿಗಿಯಿತು. ಆ ಹೆಣ್ಣುಮಗಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಆದರೆ ಪ್ರಿಂಟಿನಲ್ಲಿದ್ದ ಖಾಲಿ ಜಾಗ ಸಾಕ್ಷ್ಯವಾಗುವುದಿಲ್ಲ. ಸರ್ವರ್ ನಿಂತದ್ದಕ್ಕೆ ಸರ್ವರಿನದೇ ದಾಖಲೆ ಬೇಕು. ಅದನ್ನು ಬರೆದಿಡುವ ಮುಖ್ಯ ಲಾಗ್ ಇನ್ನೂ ಉಳಿದಿದೆಯೋ, ಯಾರಾದರೂ ಅಳಿಸಿದ್ದಾರೋ ಎಂಬುದೇ ಅನುಮಾನ. ಹಾಗಿದ್ದರೆ ಬೇರೆ ದಾರಿ ಏನು ಎಂದು ಮುರಗೆಪ್ಪ ಕೇಳಿದರು.

“ಡಿಎಚ್‌ಸಿಪಿ ತನ್ನ ಡೈರಿ ತಾನ ಬ್ಯಾರೆ ಬರೀತೈತ್ರಿ, ಬ್ಯಾರೆ ಫೋಲ್ಡರಿನ್ಯಾಗ. ಅಳಿಸೂ ಹೊತ್ತಿನ್ಯಾಗ ಅದರ ನೆನಪಿಲ್ದವ್ರು ಅದನ್ನ ಮುಟ್ಟೂದಿಲ್ಲ. ಆದ್ರ ಅದು ವಾರಕ್ಕ ಏಳ ಫೈಲ್ ಇಟ್ಕೊಳ್ತೈತಿ, ಸೋಮವಾರಕ್ಕೊಂದು ಮಂಗಳವಾರಕ್ಕೊಂದು ಅಂತ. ಹೊಸಾ ಗುರುವಾರ ಬಂತಂದ್ರ ಹಳೇ ಗುರುವಾರದ ಮ್ಯಾಲ ಬರದಬಿಡ್ತೈತ್ರಿ.”

ಅಂದು ಮಂಗಳವಾರ. ಕೈಯಲ್ಲಿ ಉಳಿದದ್ದು ಬುಧವಾರ ಒಂದೇ.

26ರಂದು ಬೆಳಿಗ್ಗೆ 10.15ಕ್ಕೆ ಪೊಲೀಸರು ಆಸ್ಪತ್ರೆಯ ಬಾಗಿಲಲ್ಲಿದ್ದರು. ಆಡಳಿತಾಧಿಕಾರಿ ರೋಗಿಗಳ ಗೌಪ್ಯತೆ ಎಂದರು, ವಕೀಲರನ್ನು ಕೇಳಬೇಕು ಎಂದರು, ಅಧ್ಯಕ್ಷರು ಕೊಲ್ಹಾಪುರಕ್ಕೆ ಹೋಗಿದ್ದಾರೆ ಎಂದರು. ಮುರಗೆಪ್ಪ ಜಗಳ ಆಡಲಿಲ್ಲ. ಸೀದಾ ನ್ಯಾಯಾಲಯಕ್ಕೆ ಹೋಗಿ ಶೋಧನಾ ವಾರಂಟಿಗೆ ಅರ್ಜಿ ಹಾಕಿ ಹೊರಗಿನ ಬೆಂಚಿನಲ್ಲಿ ಕುಳಿತರು. ಊಟಕ್ಕೂ ಏಳಲಿಲ್ಲ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ವಾರಂಟು ಕೈಗೆ ಬಂದಾಗ 3.50.

ಸಂಜೆ 4.20ಕ್ಕೆ ಪಂಚನಾಮೆ ಶುರುವಾಯಿತು. ಪಂಚರು ಎದುರಿನ ಝೆರಾಕ್ಸ್ ಅಂಗಡಿಯ ಸುರಜ ಮತ್ತು ಒಬ್ಬ ನಿವೃತ್ತ ಮಾಸ್ತರರು. ಪಾರಿಸ ಕೈಕಟ್ಟಿ ಗೋಡೆಗೆ ಒರಗಿ ನಿಂತಿದ್ದ. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳ ಅಮಾವಾಸ್ಯೆಗೂ ನೀಲಿ ಪೆನ್ನಿನ ಗುರುತಿತ್ತು. ಅದನ್ನೂ ಜಪ್ತಿ ಮಾಡಿದರು.

ಮುಖ್ಯ ಲಾಗ್ ತೆರೆದರೆ ಅದು ಆರಂಭವಾಗುತ್ತಿದ್ದುದೇ 20ರ ಸಂಜೆ 5.18ಕ್ಕೆ. ಮೊದಲ ಸಾಲು: ಲಾಗ್ ಅಳಿಸಲಾಗಿದೆ. ಅಳಿಸಿದವರು: ಅಡ್ಮಿನಿಸ್ಟ್ರೇಟರ್.

“ಆ ಪಾಸ್‌ವರ್ಡ್ ಮೂರು ಮಂದಿಗೆ ಗೊತ್ತೈತ್ರಿ,” ಎಂದ ಪಾರಿಸ.

ಸ್ನೇಹಲ ಡಿಎಚ್‌ಸಿಪಿಯ ಫೋಲ್ಡರಿಗೆ ಹೋಗಿ ಗುರುವಾರದ ಫೈಲನ್ನು ತೆರೆದಳು. ಹಳೆಯ ಗುರುವಾರ ಇನ್ನೂ ಅಲ್ಲೇ ಇತ್ತು. 14.00ಕ್ಕೆ ಲಾಗ್ ನಿಂತಿದೆ. 15.02ಕ್ಕೆ ಲಾಗ್ ಆರಂಭವಾಗಿದೆ. ಆ ಎರಡು ಸಾಲುಗಳನ್ನು ಅವಳು ಗಟ್ಟಿಯಾಗಿ ಓದಿದಳು, ಮಾಸ್ತರರು ಕನ್ನಡಕ ಏರಿಸಿ ತಾವೂ ಓದಿದರು. ಡಿಸ್ಕಿನ ಪ್ರತಿ ತೆಗೆದು, ಮೊಹರು ಮಾಡಿ, ಸಹಿ ಹಾಕಿಸುವ ಹೊತ್ತಿಗೆ 7.05. ಪಾರಿಸನ ಮುಖ ನೋಡಲಾಗದಂತಾಗಿತ್ತು.

ಮರುದಿನ ಬೆಳಿಗ್ಗೆ ಅವನ ಮೊಬೈಲಿನ ಕರೆ ವಿವರ ಬಂತು. 20ರಂದು 2.14ರಿಂದ 2.57ರವರೆಗೆ ನೀಲಮಳಿಂದ ಒಂಬತ್ತು ಕರೆ. ಒಂದನ್ನೂ ಎತ್ತಿಲ್ಲ. ನಡುವೆ 2.31ಕ್ಕೆ ಅದೇ ಫೋನಿನಿಂದ ಸರ್ವರ್ ಮಾರಿದ ಕಂಪನಿಯವರಿಗೆ ನಾಲ್ಕು ನಿಮಿಷದ ಒಂದು ಕರೆ ಹೋಗಿದೆ. ಫೋನು ಸೈಲೆಂಟಿಗಿತ್ತು, ನೋಡಲಿಲ್ಲ ಎಂಬ ಮಾತು ಅಲ್ಲಿಗೆ ಬಿದ್ದುಹೋಯಿತು.

ದಿನಾಂಕ 27, ಗುರುವಾರ, 11.15ಕ್ಕೆ ಪಾರಿಸನನ್ನು ಸಾಕ್ಷ್ಯ ನಾಶದ ಆರೋಪದ ಮೇಲೆ ಬಂಧಿಸಲಾಯಿತು. ಸಾವಿನ ಹೊಣೆಯನ್ನು ವೈದ್ಯಕೀಯ ಸಮಿತಿಯ ಅಭಿಪ್ರಾಯ ಬಂದ ಮೇಲೆ ಸೇರಿಸುವುದೆಂದು ಬರೆದರು. ಆಸ್ಪತ್ರೆಗೂ ನೋಟಿಸು ಹೋಯಿತು. ಜಪ್ತಿ ಮಾಡಿದ ಕಡತದಲ್ಲಿ ಎರಡನೇ ಸರ್ವರ್ ಬೇಕೆಂದು ಪಾರಿಸ ಬರೆದ ಮೂರು ಅರ್ಜಿಗಳಿದ್ದವು. ಮೂರರ ಮೇಲೂ ಒಂದೇ ಷರಾ: ಸದ್ಯ ನಡೆಯುತ್ತಿದೆಯಲ್ಲ.

“ಫೋನ್ ಯಾಕ ಎತ್ತಲಿಲ್ಲ?” ಮುರಗೆಪ್ಪ ಕೇಳಿದರು.

“ಎತ್ತಿ ಏನ್ ಹೇಳ್ಲಿ ಸರ? ಸ್ಕ್ರೀನ್ ಮ್ಯಾಲ ಮೂವತ್ತು ಪರ್ಸೆಂಟ್ ಅಂತ ಬಂದು ನಿಂತಬಿಟ್ಟಿತ್ತು. ಯಾವಾಗ ಮುಗೀತೈತಿ ಅಂತ ನನಗ ಗೊತ್ತಿದ್ದಿಲ್ಲ. ಗೊತ್ತಿಲ್ಲ ಅಂತ ಹನ್ನೊಂದು ವರ್ಷದಾಗ ಯಾರ ಮುಂದೂ ಅಂದಿದ್ದಿಲ್ರಿ. ಇನ್ನೆರಡು ಮಿನಿಟ, ಇನ್ನೆರಡು ಮಿನಿಟ ಅನ್ಕೋತ ಕುಂತೆ.”

“ಮ್ಯಾಲ ಹೋಗಿ, ಕಾಗದದ ಮ್ಯಾಲ ಕೆಲಸ ಮಾಡ್ರಿ ಅಂತ ಒಂದ್ ಮಾತು?”

“ನನ್ನ ಕೆಲಸ ಯಾರಿಗೂ ಕಾಣದಂಗ ನಡೀಬೇಕ್ರಿ. ಕಂಡ್ತು ಅಂದ್ರ ನಾ ತಪ್ಪಿದಂಗ.”

“ಆ ಹುಡುಗಿ ಮ್ಯಾಲ ಕೇಸು ಬಂದಾಗರ ಬಾಯಿ ಬಿಡಬೇಕಿತ್ತು.”

“ಆಕಿ ಮ್ಯಾಲ ಹಾಕಾಕ ಅಳಿಸಿದ್ದಲ್ರಿ.” 

ಇವನು ದುಷ್ಟನಾಗಿದ್ದರೆ ಮುರಗೆಪ್ಪ ಅವರಿಗೆ ಹಗುರಾಗುತ್ತಿತ್ತು. ದುಡ್ಡಿಲ್ಲ, ದ್ವೇಷವಿಲ್ಲ. ತನಗೆ ತಿಳಿಯದು ಎಂಬ ಒಂದು ಮಾತನ್ನು ನುಂಗಿಕೊಂಡು ಕುಳಿತವನ ತಲೆಯ ಮೇಲೆ, ಒಂದು ಮಹಡಿಯ ಆಚೆ, ಒಬ್ಬ ಹೆಂಗಸಿನ ಜೀವ ಹೋಗಿತ್ತು. ಇನ್‌ಸ್ಪೆಕ್ಟರಿಗೆ ಸಿಟ್ಟೂ ಬಂತು, ಕನಿಕರವೂ ಬಂತು. ಹೇಳಿಕೆಯಲ್ಲಿ ಎರಡಕ್ಕೂ ಜಾಗವಿರಲಿಲ್ಲ.

ಸಂಜೆ 4 ಗಂಟೆಗೆ ಸಂಭಾಜಿ ಬಂದರು. ಮುರಗೆಪ್ಪ ಎಲ್ಲವನ್ನೂ ಹೇಳಿದರು. ಸಂಭಾಜಿ ಮೇಜಿನ ಮೇಲೆ ಕೈಯೂರಿ, “ಹಂಗಾರ ಆ ನರ್ಸಬಾಯಿದು ಏನೂ ತಪ್ಪಿಲ್ಲ,” ಎಂದರು. “ಆಕಿ ಹೆಸರು ಮದ್ಲ ತಗೀರಿ.”

ನೀಲಮಳನ್ನು ಕರೆಸಿದ್ದರು. ಆರೋಪಿಯ ಕಾಲಮ್ಮಿನಿಂದ ಅವಳನ್ನು ಕೈಬಿಡುವಂತೆ ನ್ಯಾಯಾಲಯಕ್ಕೆ ವರದಿ ಹೋಗುತ್ತದೆ, ನೋಂದಣಿಗೆ ತೊಂದರೆಯಿಲ್ಲ ಎಂದು ಸ್ನೇಹಲ ಬಿಡಿಸಿ ಹೇಳಿದಳು. ನೀಲಮ ಕೇಳಿಸಿಕೊಂಡಳು. ಅವಳ ಮುಖದಲ್ಲಿ ಸಮಾಧಾನ ಕಾಣಲಿಲ್ಲ.

“ಪಾರಿಸ ಸರ್ ದೇವರಿಗೆ ಹೋಗಿದ್ದಿಲ್ಲೇನ್ರಿ?”

“ಇಲ್ಲವ್ವ. ಕೆಳಗ ತನ್ನ ಖೋಲ್ಯಾಗ ಇದ್ದ.”

“ನಾ ಫೋನ್ ಮಾಡೂ ಹೊತ್ತಿನ್ಯಾಗ?”

“ಹೂಂ.”

ಅವಳು ಸಂಭಾಜಿಯವರ ಕಡೆ ತಿರುಗಿದಳು. “ಹದಿನೆಂಟು ಮೆಟ್ಟಿಲಾ ಅದಾವ್ರಿ ಅಣ್ಣಾ,” ಎಂದಳು. “ಒಮ್ಮೆ ಇಳದು ಹೋಗಿ ಬಾಗಲಾ ಬಡದು ನೋಡಬೇಕಿತ್ತು ನಾ.”

ಸಂಭಾಜಿ ಎದ್ದು ಬಂದು ಅವಳ ತಲೆಯ ಮೇಲೆ ಕೈ ಇಟ್ಟರು.