ಕಮಾನಿನ ಕೆಳಗೆ ಯಾರು ನಿಲ್ಲುತ್ತೀರಿ?

ಟಿಪ್ಪರ್ ನೇರವಾಗಿ ನನ್ನ ಮೇಲೇ ಬಂತು!

ಸೇತುವೆಯ ಕಟ್ಟೆ ಹಾರಿದೆ. ಕೆಳಗೆ ಹಳ್ಳದ ಒಣ ಮರಳು... ಬದುಕಿದೆ! ಮೊಣಕೈ ತರಚಿತು, ಪ್ಯಾಂಟು ಹರಿಯಿತು. ಹೊಸ ಪ್ಯಾಂಟು, ಸ್ವಾಮಿ! ನನಗೆ ನಿಜವಾಗಿ ಸಿಟ್ಟು ಬಂದದ್ದು ಅದಕ್ಕೆ.

ಕಂಟ್ರಾಕ್ಟರ್ ರವಿಶಂಕರ ಮೇಲಿನಿಂದ ಬಗ್ಗಿ ನೋಡಿದ.

"ಸಿದ್ದರಾಮೇಶ್, ಮತ್ತೊಮ್ಮೆ ಕಮಾನು ಕುಟ್ಟಿ ನೋಡಾಕ ಬಂದ್ರ, ನಮ್ಮ ಡ್ರೈವರ್ ಬ್ರೇಕ್ ಮರೀತಾನ!"

"ಈಗ ನೆನಪಿತ್ತೇನ್ರಿ ಅವನಿಗೆ?"

ಯಾರ ಗೋಡೆ ಯಾಕೆ ಬಿರುಕು ಬಿಟ್ಟಿತು, ಯಾರು ಸಿಮೆಂಟ್ ನುಂಗಿದರು... ಪತ್ತೆ ಹಚ್ಚುವುದು ನನ್ನ ಕೆಲಸ. ರಾಯದುರ್ಗದಿಂದ ಡಿ. ಹಿರೇಹಾಳ್‌ವರೆಗೆ ನನ್ನನ್ನು ಚಹಾಕ್ಕೆ ಕರೆಯುವ ಕಂಟ್ರಾಕ್ಟರ್ ಒಬ್ಬನೂ ಇಲ್ಲ!

ಈ ಸಲ ಕರೆದವಳು ಕೆಂಪಕ್ಕ. ಸುಣ್ಣದ ಗಾರೆ ಅರೆದು ಕಲ್ಲು ಕೂಡಿಸುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಈ ಹಳೇ ಸೇತುವೆಗೆ ಎರಡು ಕಲ್ಲಿನ ಕಮಾನು. ಒಂದನ್ನು ಅವಳು ರಿಪೇರಿ ಮಾಡಿದಳು. ಇನ್ನೊಂದನ್ನು ರವಿಶಂಕರ ತನ್ನವರಿಂದ ಮಾಡಿಸಿ, ಎರಡೂ ಕೆಂಪಕ್ಕನದೇ ಎಂದು ರಿಪೋರ್ಟ್ ಬರೆಸಿದ.

"ಅವನ ಕಮಾನಿನ ಸಂದ್ಯಾಗ ಗಾರೆ ಇಲ್ಲ ತಮ್ಮಾ, ಬರೇ ಮಣ್ಣು. ಮ್ಯಾಲೆ ಸಿಮೆಂಟ್ ಸವರ್ಯಾನ. ಬಿದ್ರ ನನ್ನ ಹೆಸರು ಹೇಳ್ತಾನ. ಆಮ್ಯಾಲೆ ನನ್ನ ಕೈಗೆ ಯಾರು ಕೆಲಸ ಕೊಡ್ತಾರ?"

ಕಮಾನುಗಳನ್ನು ಕೆಳಗಿನಿಂದ ಹೊತ್ತು ನಿಂತ ಸೆಂಟ್ರಿಂಗ್ ಮರ ಬಿಚ್ಚುವುದು ಇವತ್ತೇ. ನನ್ನ ಹತ್ತಿರ ಪುರಾವೆ ಇಲ್ಲ!

ಇಲಾಖೆಯ ಎಂಜಿನಿಯರ್ ಸಂಧ್ಯಾ ಜೀಪಿನಿಂದ ಇಳಿದರು. ಹಿಂದೆಯೇ ಕ್ಯಾಮೆರಾ ಹಿಡಿದ ಪೇಪರಿನವನು. ಅವನಿಗೆ ಫೋನ್ ಮಾಡಿದ್ದವನು ನಾನೇ. ಕುಂಟುತ್ತ ಹೋಗಿ ಕೈಮುಗಿದೆ.

"ಮೇಡಂ, ಆ ಎರಡನೇ ಕಮಾನು ನೋಡ್ರಿ... ಏನ್ ಫಿನಿಶಿಂಗು! ಜಿಲ್ಲಾದಾಗ ಇಂಥಾದ್ದಿಲ್ಲ. ಕೆಂಪಕ್ಕನ ಕೈ ಅಂದ್ರ ಕೈ!"

ಕ್ಯಾಮೆರಾ ಕಂಡದ್ದೇ ತಡ, ರವಿಶಂಕರ ಉಬ್ಬಿಹೋದ. ಹೊಗಳಿಕೆ ಇನ್ನೊಬ್ಬರ ಪಾಲಾದರೆ ಅವನಿಗೆ ತಡೆಯದು.

"ಕೆಂಪಕ್ಕಂದಲ್ರಿ! ಅದು ನಂದು! ನಾನೇ ಮುಂದ ನಿಂತು ಕಟ್ಟಿಸಿದ್ದು!"

"ಹಂಗಾರ ಬರ್ರಿ, ಕೆಳಗ ನಿಲ್ರಿ," ಎಂದೆ.

"ಯಾಕ?"

"ಗಾರೆಯವರ ಪದ್ಧತಿ. ಸೆಂಟ್ರಿಂಗ್ ಮರದ ಬೆಣೆ ಬಿಚ್ಚೂವಾಗ ಕಟ್ಟಿದವರು ತಮ್ಮ ಕಮಾನಿನ ಕೆಳಗ ನಿಲ್ಬೇಕು."

"ರೂಲ್ಸಿನಾಗ ಹಂಗೇನಿಲ್ಲಲ್ರಿ..." ಎಂದರು ಸಂಧ್ಯಾ.

ಅಷ್ಟರಲ್ಲಿ ಕೆಂಪಕ್ಕ ಎಲೆ ಅಡಿಕೆ ಜಗಿಯುತ್ತ ತನ್ನ ಕಮಾನಿನ ಕೆಳಗೆ ನಿಂತಾಗಿತ್ತು.

ಠಕ್! ಠಕ್!

ಬೆಣೆ ಕಳಚಿತು. ಮರ ಇಳಿಯಿತು. ಕಮಾನು ಮಿಸುಕಲಿಲ್ಲ! ಅವಳ ಸೆರಗಿನ ಮೇಲೆ ಚಿಟಿಕೆ ಸುಣ್ಣ ಬಿತ್ತು. ಕೊಡವಿಕೊಂಡು ಈಚೆ ಬಂದಳು.

ಈಗ ರವಿಶಂಕರನ ಸರದಿ. ಕ್ಯಾಮೆರಾ ಎದುರಿಗೆ ಹಿಂದೆ ಸರಿಯುವಂತಿಲ್ಲ. ಪೂಜೆಗೆ ತಂದ ಹಾರವನ್ನು ಅವನ ಕೊರಳಿಗೆ ಹಾಕಿದೆ. ಕೈಹಿಡಿದು ಕಮಾನಿನ ನಟ್ಟನಡುವೆ ನಿಲ್ಲಿಸಿದೆ.

ಸುತ್ತಿಗೆ ಮೇಲೆದ್ದಿತು...

"ಹೊಡೀಬ್ಯಾಡ್ರೋ! ಒಳಗ ಬರೇ ಮಣ್ಣೈತಿ!"

ಹಾರದ ಸಮೇತ ಹಳ್ಳದುದ್ದಕ್ಕೂ ಓಟ ಕಿತ್ತ!

"ಕೆಂಪಕ್ಕಾ, ಅದನ್ನೂ ನೀವೇ ಬಿಚ್ಚಿ ಕಟ್ರಿ," ಎಂದರು ಸಂಧ್ಯಾ. ಕೆಂಪಕ್ಕ ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡಳು. ನನಗೆ ಪ್ಯಾಂಟು ಹೋದ ದುಃಖವೂ ಹೋಯಿತು.

ಸಂಧ್ಯಾ ಫೈಲು ತೆಗೆದರು.

"ಸಿದ್ದರಾಮೇಶ್, ರಿಪೋರ್ಟಿಗೆ ಪುರಾವೆ ಬೇಕಲ್ರಿ. ಎಲ್ಲೈತಿ?"

"ಅಗೋ ಮೇಡಂ... ಹಾರ ಹಾಕ್ಕೊಂಡು ಓಡಾಕತ್ತೈತಿ!"